ಬಿರಿದ ಮಡಕೆಯ ಅಣ್ಣ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು, ಇಲ್ಲಿ ಯಾವ ಮನೆಯಲ್ಲೂ ಒಂದೇ ಥರದ ಎರಡು ಲೋಟ ಯಾಕಿಲ್ಲ ಎಂದು. ನಾವು ನಕ್ಕು ಸುಮ್ಮನಾಗುತ್ತೇವೆ. ನಮ್ಮೂರಿನ ಮಣ್ಣಿನ ಸ್ವಭಾವವೇ ಹಾಗೆ. ಒಂದು ಆಕಾರಕ್ಕೆ ಅದು ಒಂದೇ ಸಲ ಒಪ್ಪುತ್ತದೆ. ಊರಿನ ಯಾವುದೋ ಮನೆಯ ಅಟ್ಟದ ಮೇಲೆ ಒಂದು ಗಡಿಗೆ ಕೂತಿದ್ದರೆ, ಅಂಥದ್ದೇ ಇನ್ನೊಂದು ಗಡಿಗೆ ಕುಂಬಾರರ ಆವಿಗೆಯಲ್ಲಿ ಬೇಯುವಾಗ ಬಾಯಿಂದ ತಳದವರೆಗೆ ಬಿರಿದುಹೋಗುತ್ತದೆ. ಮೊದಲನೆಯದು ಒಡೆದರೆ ಮಾತ್ರ ಆ ಆಕಾರಕ್ಕೆ ಬಿಡುಗಡೆ, ಆಮೇಲೆ ಯಾರು ಬೇಕಾದರೂ ಮಾಡಬಹುದು.

ಇದಕ್ಕೆಲ್ಲ ನಾವು ಎಂದೋ ಹೊಂದಿಕೊಂಡಿದ್ದೇವೆ. ಹಾಲು ಅಳೆಯುವ ಗಿಂಡಿ ಊರಿಗೆಲ್ಲ ಒಂದೇ ಆದ್ದರಿಂದ ಹಾಲಿನವರು ಬೆಳಗ್ಗೆ ಸರತಿಯಲ್ಲಿ ನಿಂತು ಜಗಳವಾಡುತ್ತಾರೆ, ಜಗಳವಾಡುತ್ತಲೇ ಊರಿನ ಸುದ್ದಿಯನ್ನೂ ಹಂಚಿಕೊಳ್ಳುತ್ತಾರೆ. ಯಾರೂ ಪಾತ್ರೆಗಳ ಮೇಲೆ ಹೆಸರು ಬರೆಸುವುದಿಲ್ಲ. ಮಡಕೆ ಕದಿಯುವ ಧೈರ್ಯ ಯಾವ ಕಳ್ಳನಿಗೂ ಇಲ್ಲ, ಹೊಸಿಲು ದಾಟುವ ಮುಂಚೆ ಇದು ಇಂಥವರ ಮನೆಯದು ಎಂದು ಬೀದಿಯ ಮಕ್ಕಳೇ ಹೇಳಿಬಿಡುತ್ತವೆ. ಪೇಟೆಯಿಂದ ಸ್ಟೀಲ್ ಲೋಟಗಳನ್ನು ತಂದು ಡಜನ್‌ಗಟ್ಟಲೆ ಜೋಡಿಸಿಟ್ಟವರೂ ಉಂಟು. ಆದರೆ ನೆಂಟರಿಗೆ ತಮ್ಮ ಲೋಟ ಯಾವುದೆಂದು ಗೊತ್ತಾಗದೆ ಕಾಫಿಯೆಲ್ಲ ಆರಿಹೋಗಿ, ಆ ಲೋಟಗಳು ಕೊನೆಗೆ ಬಚ್ಚಲಮನೆ ಸೇರಿದವು.

ಬಿರಿದ ಮಡಕೆಗೆ ಊರಿನಲ್ಲಿ ಅದೇ ಆಕಾರದ ಅಣ್ಣನೊಬ್ಬ ಇದ್ದೇ ಇರುತ್ತಾನೆ. ಅದನ್ನು ಮಾಡಿದವರು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆ ತಿರುಗಿ ಆ ಅಣ್ಣನನ್ನು ಹುಡುಕಬೇಕು. ಸಿಕ್ಕಿದ ಮನೆಯವರು ಕೂರಿಸಿ ಪಾನಕ ಕೊಡುತ್ತಾರೆ, ಅಣ್ಣನನ್ನು ಕೆಳಗಿಳಿಸಿ ಪಕ್ಕದಲ್ಲಿಟ್ಟು ತೋರಿಸುತ್ತಾರೆ. ಬಿರಿದದ್ದನ್ನು ಆ ಮನೆಯ ಸೂರಿಗೇ ತೂಗುಹಾಕಿ ಬರುವುದು ಪದ್ಧತಿ. ನಮ್ಮೂರಿನ ಗುಬ್ಬಿಗಳಿಗೆ ವಾಸಕ್ಕೆ ಮನೆಯಿಲ್ಲ ಎಂಬ ಕೊರಗು ಬಂದದ್ದೇ ಇಲ್ಲ.

ನಾನು ಮಲ್ಲೇಶಿ. ಕುಂಬಾರ ಬೀದಿಯ ಕೊನೆಯ ಮನೆ ನಮ್ಮದು. ಮಣ್ಣು ತರುವುದು, ಅದರಲ್ಲಿನ ಕಲ್ಲು ಆರಿಸುವುದು, ತುಳಿದು ಹದ ಮಾಡುವುದು ನನ್ನ ಕೆಲಸ. ತಿಗರಿಯ ಮುಂದೆ ಕೂತು ಅದನ್ನು ತಿರುಗಿಸಿದೆನೆಂದರೆ ನನ್ನ ಕೈಯಲ್ಲಿ ಮಡಕೆ ಏಳುವುದಿಲ್ಲ, ಮಣ್ಣು ರೊಟ್ಟಿಯಂತೆ ಹರಡಿಕೊಳ್ಳುತ್ತದೆ. ನಾನು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ತಿಗರಿ ಹಿಡಿದವಳು ನನ್ನ ಅಮ್ಮ ಹಾಲಮ್ಮ. ಊರಿನ ಅರ್ಧ ಮನೆಗಳ ಒಲೆಯ ಮೇಲೆ, ಅಟ್ಟದ ಮೇಲೆ, ನೀರೊಲೆಯ ಪಕ್ಕದಲ್ಲಿ ಕೂತಿರುವುದು ಅವಳ ಮಡಕೆಗಳೇ. ಅಮ್ಮನಿಗೆ ಸೊಂಟ ಹಿಡಿದುಕೊಂಡ ಮೇಲೆ ತಿಗರಿ ನನ್ನ ಹೆಂಡತಿ ದೇವೀರಿಯ ಕೈಗೆ ಬಂತು.

ದೇವೀರಿ ಕೆಲಸ ಕಲಿತದ್ದು ಅತ್ತೆಯ ಪಕ್ಕದಲ್ಲಿ ಕೂತು. ಅತ್ತೆ ಹೇಗೆ ಹೆಬ್ಬೆರಳು ಒತ್ತುತ್ತಾಳೆ, ಎಲ್ಲಿ ಉಸಿರು ಬಿಗಿ ಹಿಡಿಯುತ್ತಾಳೆ, ಕಂಠ ಎತ್ತುವಾಗ ತಲೆ ಯಾವ ಕಡೆ ವಾಲಿಸುತ್ತಾಳೆ, ಎಲ್ಲವೂ ಅವಳಿಗೆ ಬಂದುಬಿಟ್ಟಿತ್ತು. ಅದೇ ತೊಂದರೆಯಾದದ್ದು. ಅವಳ ಮೊದಲ ಆವಿಗೆಯನ್ನು ತೆಗೆದ ದಿನ ಒಂದೊಂದನ್ನೂ ಬೆರಳಿನಿಂದ ತಟ್ಟಿದರೆ ಒಂದೊಂದೂ ಬಿರಿದು ಬದ್ ಎನ್ನುತ್ತಿತ್ತು. ಬುಟ್ಟಿ ಹೊತ್ತು ಅಣ್ಣಂದಿರನ್ನು ಹುಡುಕಲು ಹೋದೆವು. ಯಾವ ಮನೆಗೆ ಹೋದರೂ ಕೆಳಗಿಳಿದದ್ದು ಅಮ್ಮನ ಕೈಯ ಮಡಕೆಯೇ. ಪಾನಕ ಕುಡಿದು ಕುಡಿದು ನನಗೆ ಹೊಟ್ಟೆ ಕೆಟ್ಟಿತು, ದೇವೀರಿ ಮಾತ್ರ ಒಂದು ಗುಟುಕೂ ಇಳಿಸಲಿಲ್ಲ.

ಎರಡನೆಯ ಆವಿಗೆಗೆ ಅವಳು ಹಟ ತೊಟ್ಟಳು. ಅತ್ತೆಯ ಮಡಕೆಗಳಿಗೆ ಇಲ್ಲದ್ದೆಲ್ಲ ತನ್ನವಕ್ಕೆ ಇರಬೇಕೆಂದು ಸೊಟ್ಟ ಕಂಠದ ಹೂಜಿ, ಮೂರು ಹೊಟ್ಟೆಯ ಗಡಿಗೆ, ಮೂಗಿರುವ ಬೋಗುಣಿ ಮಾಡಿದಳು. ನೋಡಿದವರು ಬಾಯಿಗೆ ಸೆರಗು ಹಿಡಿದು ನಕ್ಕರು. ಅವೂ ಬಿರಿದವು. ಮತ್ತೆ ಬುಟ್ಟಿ ಹೊತ್ತು ಹೊರಟರೆ ಆ ವಿಕಾರಗಳಿಗೂ ಅಣ್ಣಂದಿರಿದ್ದರು. ಯಾರೂ ಬಳಸದೆ ಅಟ್ಟದ ಧೂಳಿನಲ್ಲಿ ಬಿದ್ದಿದ್ದವು ಅಷ್ಟೇ. ಸಂಜೆ ಮನೆಗೆ ಬಂದಾಗ ಅಮ್ಮ ಜಗುಲಿಯ ಮೇಲೆ ಕೂತು ನಗುವುದೋ ಅಳುವುದೋ ತಿಳಿಯದ ಮುಖ ಮಾಡಿದ್ದಳು.

"ನಾನೂ ನಿನ್ನ ವಯಸ್ಸಲ್ಲಿ ಹಿಂಗೇ ತಲೆ ಕೆಡುಸ್ಕಂಡು ಏನೇನೋ ಮಾಡಿದ್ದೆ ಕಣಮ್ಮಿ. ಅವೆಲ್ಲ ಇನ್ನೂ ಒಡೆದಿಲ್ಲ ಅಂತ ಯಾರಿಗೆ ಗೊತ್ತಿತ್ತು," ಎಂದಳು.

ಸತತ ಮೂರು ಆವಿಗೆ ಹಾಳಾದರೆ ತಿಗರಿ ಆ ಮನೆಯಲ್ಲಿ ನಿಲ್ಲುವುದಿಲ್ಲ. ಬೀದಿಯ ಯಜಮಾನ ಲಕ್ಕಣ್ಣ ಬಂದು ಎತ್ತಿಸಿ ಬೇರೆ ಮನೆಗೆ ಕೊಡುತ್ತಾನೆ. ಶಿಕ್ಷೆಯೆಂದೇನಲ್ಲ. ಆ ಕೈಗಳಲ್ಲಿ ಹೊಸದು ಉಳಿದಿಲ್ಲ, ಇನ್ನು ಅವಕ್ಕೆ ವಿಶ್ರಾಂತಿ ಸಿಗಲಿ ಎಂದು ಹೇಳುತ್ತಾರೆ. ಅಂಥ ವಿಶ್ರಾಂತಿ ಸಿಕ್ಕವರನ್ನು ನಾನು ನೋಡಿದ್ದೇನೆ. ಸಂತೆಯಲ್ಲಿ ಬೇರೆಯವರ ಮಡಕೆಗಳನ್ನು ಸುಮ್ಮನೆ ಸವರುತ್ತ ನಿಂತಿರುತ್ತಾರೆ, ಕೊಳ್ಳುವುದೂ ಇಲ್ಲ, ಮುಂದೆ ಹೋಗುವುದೂ ಇಲ್ಲ.

ಅದು ಅಮ್ಮನಿಗೂ ಗೊತ್ತು. ಊಟಕ್ಕೆ ಕೂತಾಗ ತಟ್ಟೆ ಸರಿಸಿ ಹೇಳಿದಳು. "ಊರ ತುಂಬ ನಾನೇ ಕೂತ್ಕಂಡಿದೀನಿ. ಇವಳು ಎಲ್ಲಿ ಕೂರ್ಬೇಕು? ನನ್ ಮಡಕೆ ನಾನೇ ಒಡೆದು ಜಾಗ ಮಾಡ್ಕೊಡ್ತೀನಿ."

ಮಾಡಿದವರು ಬಂದು ಕೇಳಿದರೆ ಮಡಕೆಯನ್ನು ಮುಂದಿಡಬೇಕು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಆದರೆ ಯಾರೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ.

"ಬ್ಯಾಡ ಅತ್ತೆ. ನೀವು ಒಡೆದಿದ್ದನ್ನೇ ನಾನು ತಿರ್ಗಾ ಮಾಡಿದ್ರೆ ಅದು ನಂದು ಹೆಂಗಾಗುತ್ತೆ?" ಎಂದಳು ದೇವೀರಿ.

"ನಿಂದಾಗ್ದಿದ್ರೆ ಕತ್ತೆ ಬಾಲ. ತಿಗರಿ ಮನೇಲಿರುತ್ತಲ್ಲ."

"ನೀವು ಇಷ್ಟು ವರ್ಷ ಮಾಡಿದ್ದು ಹೋಗುತ್ತಲ್ಲ."

ಅಮ್ಮ ಎದ್ದು ಕೈ ತೊಳೆದಳು. ಅವಳು ಊಟ ಅರ್ಧಕ್ಕೆ ಬಿಟ್ಟಳೆಂದರೆ ಮನಸ್ಸು ಗಟ್ಟಿ ಮಾಡಿದ್ದಾಳೆ ಎಂದೇ ಅರ್ಥ.

ಮಾರನೆಯ ಬೆಳಗ್ಗೆ ಊರುಗೋಲು ಹಿಡಿದು ಹೊರಟೇಬಿಟ್ಟಳು. ಹಿಂದೆ ದೇವೀರಿ, ಅವಳ ಹಿಂದೆ ನಾನು. ಮೊದಲು ಸಿಕ್ಕಿದವಳು ಛತ್ರಕ್ಕೆ ನೀರು ಹೊರುವ ಪುಟ್ನಂಜಿ. ಅವಳ ಒಂದು ಕಾಲು ಗಿಡ್ಡ. ನಡೆದರೆ ಮೈಯೆಲ್ಲ ಒಂದು ಕಡೆ ಇಳಿದು ಏಳುತ್ತದೆ. ಸೊಂಟದ ಮೇಲೆ ಅಮ್ಮ ಮಾಡಿದ ಕೊಡ ಇತ್ತು. ಅಮ್ಮ ವಿಷಯ ಹೇಳಿದಳು. ಪುಟ್ನಂಜಿ ಕೊಡವನ್ನು ಎರಡೂ ಕೈಯಿಂದ ತಬ್ಬಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಹಾಲಮ್ಮಕ್ಕ, ಬೇಕಾದ್ರೆ ನನ್ನೇ ಒಡಿ. ಇದು ನನ್ ಸೊಂಟದ ಮ್ಯಾಲೆ ನೆಟ್ಟಗೆ ಕೂರಾಕೆ ಎಷ್ಟ್ ವರ್ಷ ತಗಂತು ಗೊತ್ತಾ?"

ಅಮ್ಮ ಕೋಲು ಎತ್ತಿದವಳು ಹಾಗೇ ನಿಂತಳು. ಇತ್ತ ದೇವೀರಿ ಕೊಡವನ್ನೂ ನೋಡುತ್ತಿರಲಿಲ್ಲ, ಕೋಲನ್ನೂ ನೋಡುತ್ತಿರಲಿಲ್ಲ. ಪುಟ್ನಂಜಿಯ ಸೊಂಟಕ್ಕೂ ಕೊಡಕ್ಕೂ ನಡುವೆ ಸಿಕ್ಕಿಸಿದ್ದ ಒಂದು ಹಳೆಯ ಬಟ್ಟೆಯ ಉಂಡೆಯ ಮೇಲೆ ಅವಳ ಕಣ್ಣಿತ್ತು.

"ಇದೇನಕ್ಕ?" ಎಂದು ಕೇಳಿದಳು.

"ಇದಾ? ಕೊಡ ದುಂಡಗೈತೆ, ನನ್ ಸೊಂಟ ಇಳಿಜಾರೈತೆ. ಇಬ್ರಿಗೂ ರಾಜಿ ಮಾಡ್ಸೋಕೆ ಈ ಬಟ್ಟೆ. ಇಲ್ದಿದ್ರೆ ನೀರೆಲ್ಲ ದಾರಿಗೆ."

ದೇವೀರಿ ಆ ಉಂಡೆಯನ್ನು ಕೇಳಿ ತೆಗೆದುಕೊಂಡಳು. ವರ್ಷಗಟ್ಟಲೆ ಒತ್ತಿ ಒತ್ತಿ ಅದು ಹಲಗೆಯಷ್ಟು ಗಟ್ಟಿಯಾಗಿತ್ತು. ಒಂದು ಕಡೆ ಕೊಡದ ದುಂಡು ಕೂತಿತ್ತು, ಇನ್ನೊಂದು ಕಡೆ ಪುಟ್ನಂಜಿಯ ಸೊಂಟ ಕೂತಿತ್ತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಕಣ್ಣು ಮುಚ್ಚಿಕೊಂಡು ಸವರಿದಳು. ಬೀದಿಯಲ್ಲಿ ಜನ ಸೇರುತ್ತಿದ್ದರು, ನನಗೆ ಮುಜುಗರ.

"ಅತ್ತೆ, ಇದನ್ನ ಯಾರೂ ಮಾಡಿಲ್ಲ. ಬರೀ ಆಗೈತೆ," ಎಂದಳು.

ಅಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಕೋಲು ಕೆಳಗೂರಿದಳು. "ಈ ಮೂರನೇ ಆವಿಗೆ ತೆಗೆಯೋವರೆಗೂ ಸುಮ್ನಿರ್ತೀನಿ. ಇದೂ ಬಿರೀತು ಅಂದ್ರೆ ಲಕ್ಕಣ್ಣ ಬಂದು ತಿಗರಿ ಮುಟ್ಟೋದ್ರೊಳಗೆ ಒಂದೂ ಬಿಡ್ದಂಗೆ ಒಡೀತೀನಿ. ಆಗ ನನ್ನ ತಡೀಬಾರ್ದು," ಎಂದಳು. ದೇವೀರಿ ಹೂಂ ಎಂದಳು. ಅದರ ಅರ್ಥ ಮೂವರಿಗೂ ತಿಳಿದಿತ್ತು. ಹಳೆಯವು ಒಡೆದು ಆಕಾರಗಳಿಗೆ ಬಿಡುಗಡೆ ಸಿಕ್ಕರೆ ಯಜಮಾನ ತಿಗರಿ ಎತ್ತುವಂತಿಲ್ಲ. ಆವಿಗೆ ಕೆಟ್ಟರೆ ಒಂದೋ ದೇವೀರಿಯ ತಿಗರಿ ಹೋಗಬೇಕು, ಇಲ್ಲವೇ ಅಮ್ಮನ ಜೀವಮಾನದ ಕೆಲಸ ಚೂರಾಗಬೇಕು.

ಅಲ್ಲಿಂದ ಶುರುವಾಯಿತು ನೋಡಿ. ದೇವೀರಿ ಮಣ್ಣು ಮುಟ್ಟುವುದನ್ನೇ ಬಿಟ್ಟಳು. ನಾನು ಹದ ಮಾಡಿಟ್ಟ ಮಣ್ಣಿಗೆ ಒದ್ದೆ ಗೋಣಿ ಹೊದಿಸಿ ಹೊದಿಸಿ ಸಾಕಾಯಿತು. ಬೆಳಗಾದರೆ ಅವಳು ಊರು ಸುತ್ತಲು ಹೊರಟುಬಿಡುತ್ತಿದ್ದಳು. ಮನೆಗಳಿಗೆ ಹೋಗಿ ಮೂಲೆಯಲ್ಲಿ ಕೂತು, ಜನ ಮಡಕೆಗಳನ್ನು ಹೇಗೆ ಎತ್ತುತ್ತಾರೆ, ಎಲ್ಲಿ ಒರಗಿಸುತ್ತಾರೆ, ಯಾವ ಕಡೆ ವಾಲಿದಾಗ ಗೊಣಗುತ್ತಾರೆ ಎಂದು ನೋಡುತ್ತಿದ್ದಳು. ಮಡಕೆಗೂ ಮನುಷ್ಯರಿಗೂ ನಡುವೆ ಎಲ್ಲಿ ಸಂದಿಯಿದೆ, ಅದರಲ್ಲಿ ಏನು ತುರುಕಿದ್ದಾರೆ ಎಂಬುದೊಂದೇ ಅವಳ ಧ್ಯಾನ. ಎಣ್ಣೆ ಮಾರುವ ಕೊಟ್ಟೂರಯ್ಯ ಗಾಣಕ್ಕೆ ಬಲಗೈ ಕೊಟ್ಟವನು. ಜಾಡಿಯನ್ನು ಎರಡು ಪಾದಗಳ ನಡುವೆ ಅಮುಕಿಕೊಂಡು ಎಡಗೈಯಲ್ಲಿ ಮುಚ್ಚಳ ತೆಗೆಯುತ್ತಿದ್ದ, ಜಾರದಿರಲೆಂದು ಹಳೆಯ ಚಪ್ಪಲಿ ಒತ್ತಿರುತ್ತಿದ್ದ. ಅವಳಿ ಮಕ್ಕಳ ತಾಯಿ ಗಿರಿಜಕ್ಕನಿಗೆ ಎರಡೂ ತೋಳುಗಳಲ್ಲಿ ಮಕ್ಕಳಿರುವಾಗ ನೀರು ಕುಡಿಯಲು ಹೂಜಿಯ ಕಂಠವನ್ನು ಮೊಣಕೈಯಿಂದ ಎಳೆದುಕೊಳ್ಳುವ ಅಭ್ಯಾಸ. ಇಂಥವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ.

ಒಂದು ಆಕಾರ ಸಿಕ್ಕಿತೆಂದರೆ ದೇವೀರಿ ಅದನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಮನೆಗೆ ಬರುತ್ತಿದ್ದಳು. ಕೈಯಲ್ಲಿ ಏನೂ ಇಲ್ಲ, ಆದರೆ ಬೆರಳು ಸಡಿಲಿಸಿದರೆ ಬಿದ್ದುಹೋಗುತ್ತದೆ ಎಂಬಂತೆ ನಡೆಯುತ್ತಿದ್ದಳು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ತಲೆ ಮಾತ್ರ ಆಡಿಸುತ್ತಿದ್ದಳು. ಸೊಪ್ಪಿನವಳು ಕೊತ್ತಂಬರಿ ಕಟ್ಟು ಚಾಚಿದರೆ ತೆಗೆದುಕೊಳ್ಳಲಾಗದೆ, ಅವಳೇ ಅದನ್ನು ಇವಳ ಭುಜದ ಮೇಲೆ ಇಟ್ಟು ಕಳಿಸಿದ್ದೂ ಉಂಟು. ಕಾಲಿನಿಂದ ಬಾಗಿಲು ತಳ್ಳುವ ಸದ್ದು ಕೇಳಿದರೆ ನಾನು ಓಡಿ ಹೋಗಿ ತಿಗರಿ ತಿರುಗಿಸಬೇಕು. ಹಾಗೆ ಎದ್ದ ಮಡಕೆಯನ್ನು ಅರ್ಧ ಒಣಗಿಸಿ, ಮತ್ತೆ ಅದೇ ಮನೆಗೆ ಹೊತ್ತೊಯ್ದು, ಆ ಮನುಷ್ಯರ ಮೈಗೇ ಆನಿಸಿ, ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ಕೂರಿಸುತ್ತಿದ್ದಳು. ಪುಟ್ನಂಜಿ ಬಿಗಿದುಕೊಂಡು ಗೊಂಬೆಯಾಗಿ ನಿಂತಳು. ಕೊಟ್ಟೂರಯ್ಯನಿಗೆ ಅಂಗಾಲಿನಲ್ಲಿ ಕಚಗುಳಿ. ಆ ದೊಡ್ಡ ಮನುಷ್ಯ ಬಿದ್ದು ಬಿದ್ದು ನಕ್ಕದ್ದಕ್ಕೆ ಗಿರಾಕಿಗಳೂ ನಕ್ಕರು.

ಊರಿನ ಬಾಯಿ ಸುಮ್ಮನಿರುತ್ತದೆಯೇ. ಲಕ್ಕಣ್ಣ ನನ್ನನ್ನು ಮಣ್ಣಿನ ಗುಂಡಿಯ ಹತ್ತಿರ ತಡೆದು ನಿಲ್ಲಿಸಿದ. "ಏನ್ಲಾ ಮಲ್ಲೇಶಿ, ನಿನ್ನ ಹೆಂಡ್ತಿ ಊರೋರ ಸೊಂಟ ಅಳೀತಾವ್ಳಂತೆ?"

"ಸೊಂಟ ಅಷ್ಟೇ ಅಲ್ಲಣ್ಣ, ಪಾದಾನೂ," ಎಂದೆ. "ನಿನ್ ಸರದಿನೂ ಬರುತ್ತೆ, ಕಾಲು ತೊಳ್ಕಂಡಿರು."

ಅವನಿಗೆ ನಗು ಬಂತು, ಆದರೂ ಯಜಮಾನಿಕೆ ಬಿಡಲಿಲ್ಲ. ಬಿರಿದರೆ ಬಿರಿದದ್ದೇ, ತಾನು ಮುಖ ನೋಡಿ ಬಿಡುವವನಲ್ಲ ಎಂದು ಹೇಳಿಹೋದ.

ಅಮ್ಮ ಈ ದಿನಗಳಲ್ಲಿ ನಮ್ಮ ಕೆಲಸದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೋಡಿದರೆ ಬಾಯಿ ಹಾಕದೆ ಇರಲಾರೆ, ತಾನು ಬಾಯಿ ಹಾಕಿದರೆ ಸೊಸೆಯ ಕೈ ಮತ್ತೆ ತನ್ನ ದಾರಿ ಹಿಡಿಯುತ್ತದೆ ಎಂಬ ಭಯ. ಹಿತ್ತಲಿನಲ್ಲಿ ಬೆನ್ನು ಮಾಡಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಂದು ಮಾತೂ ಆಡದೆ ಅಷ್ಟು ದಿನ ಕಳೆದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಆವಿಗೆಯಲ್ಲಿ ಇನ್ನೊಂದು ಮಡಕೆಗೆ ಜಾಗ ಉಳಿದಿತ್ತು. ನಾನು ಅಂಗಳದಲ್ಲಿ ಕೂತು ಮಣ್ಣಿನ ಕಲ್ಲು ಆರಿಸುತ್ತಿದ್ದೆ. ನಾನು ಕೂರುವುದು ಒಂದು ಥರ ಸೊಟ್ಟವೇ. ಎಡ ಮೊಣಕಾಲು ಮೇಲೆ, ಬಲಗಾಲು ಅರ್ಧ ಚಾಚಿ ಒಳಗೆ ತಿರುವಿದ್ದು, ಮೈ ಸ್ವಲ್ಪ ಎಡಕ್ಕೆ ವಾಲಿದ್ದು. ಎರಡು ಕಾಲಿನ ನಡುವೆ ಕುಡಿಯುವ ನೀರಿನ ಮಗೆ ಇಟ್ಟುಕೊಳ್ಳುತ್ತೇನೆ, ಅದು ದಿನಕ್ಕೊಂದು ಸಲವಾದರೂ ಉರುಳಿ ಆರಿಸಿದ ಮಣ್ಣೆಲ್ಲ ಕೆಸರಾಗುತ್ತದೆ, ದೇವೀರಿ ಬೈಯುತ್ತಾಳೆ. ಆವತ್ತೂ ಉರುಳಿತು. ಅವಳು ಬೈಯಲು ಬಾಯಿ ತೆರೆದವಳು ಹಾಗೇ ನಿಂತು ನೋಡತೊಡಗಿದಳು.

"ಅಲ್ಲಾಡ್ಬ್ಯಾಡ್ರಿ," ಎಂದಳು.

ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನಗೆ ಏನೇನೋ ಆಸೆ ಹುಟ್ಟಿತು, ಆದರೆ ಅವಳು ನೋಡುತ್ತಿದ್ದದ್ದು ನನ್ನ ಮೊಣಕಾಲು. ಹತ್ತಿರ ಕೂತು, ಆ ಸಂದಿಯಲ್ಲಿ ಎರಡೂ ಕೈ ಇಟ್ಟು ಒತ್ತಿ ನೋಡಿದಳು. ಹಾಗೇ ಕೈ ಹಿಡಿದುಕೊಂಡು ಎದ್ದುಹೋದಳು. ಅದರಿಂದ ಒಂದು ಕಡೆ ತಗ್ಗಿದ, ಒಂದು ಕಡೆ ಉಬ್ಬಿದ, ಕಂಠ ಚೂರು ವಾಲಿದ ಒಂದು ಮಗೆ ಆಯಿತು. ನೆಲದ ಮೇಲಿಟ್ಟರೆ ನಿಲ್ಲುತ್ತಿರಲಿಲ್ಲ, ನನ್ನ ಕಾಲುಗಳ ನಡುವೆ ಮಾತ್ರ ನಿಲ್ಲುತ್ತಿತ್ತು. ಎಲ್ಲಕ್ಕಿಂತ ಇದು ಚೆನ್ನಾಗಿ ಬಂದಿದೆ ಎಂದು ಅವಳೇ ಹೇಳಿದಳು.

ಆವಿಗೆ ತೆಗೆಯುವ ಬೆಳಗ್ಗೆ ಇಡೀ ಬೀದಿ ಅಂಗಳದಲ್ಲಿತ್ತು. ಅಮ್ಮ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ನಾನು ಬೂದಿ ಸರಿಸಿದೆ. ಲಕ್ಕಣ್ಣ ಪುಟ್ನಂಜಿಯ ಕೊಡವನ್ನು ಎತ್ತಿ, ಊದಿ, ಗೆಣ್ಣಿನಿಂದ ತಟ್ಟಿದ. ಠಣ್ ಎಂದಿತು. ಪುಟ್ನಂಜಿ ಅದನ್ನು ಅವನ ಕೈಯಿಂದ ಕಸಿದು ಸೊಂಟಕ್ಕೇರಿಸಿಕೊಂಡು ಅಂಗಳದಲ್ಲಿ ಒಂದು ಸುತ್ತು ಬಂದಳು. ಬಟ್ಟೆಯಿಲ್ಲ, ಕೈಯ ಆಸರೆಯೂ ಇಲ್ಲ. ಕೊಡ ಅವಳ ಜೊತೆಗೇ ಇಳಿದು ಅವಳ ಜೊತೆಗೇ ಏಳುತ್ತಿತ್ತು. ಕೊಟ್ಟೂರಯ್ಯನ ಜಾಡಿ ಠಣ್ ಎಂದಿತು. ಗಿರಿಜಕ್ಕನ ಹೂಜಿ, ಅದರ ಪಕ್ಕದ್ದು, ಅದರ ಹಿಂದಿನದು, ಎಲ್ಲವೂ ನುಡಿದವು. ಸಂತೋಷವನ್ನು ತಡೆಯಲಾಗದೆ ದೇವೀರಿ ಅಳುತ್ತಿದ್ದಳು, ನಾನೂ ಬೂದಿ ಬಿತ್ತು ಎಂದು ಕಣ್ಣು ಒರೆಸಿಕೊಂಡೆ.

ಕೊನೆಗೆ ಕೆಳಗಿನಿಂದ ಬಂದದ್ದು ನನ್ನ ಮಗೆ. ಲಕ್ಕಣ್ಣ ತಟ್ಟಬೇಕಾಗಿಯೇ ಇರಲಿಲ್ಲ. ಬಾಯಿಂದ ತಳದವರೆಗೆ ಬಿರಿದಿತ್ತು.

"ಒಂದು ಹೋಯ್ತು ಅಂತ ಆವಿಗೆ ಕೆಟ್ಟಂಗಲ್ಲ. ತಿಗರಿ ಇಲ್ಲೇ ಇರ್ಲಿ," ಎಂದು ಲಕ್ಕಣ್ಣ ಹೇಳಿದ. ಹೊರಡುವ ಮುಂಚೆ ದೇವೀರಿಯ ಹತ್ತಿರ ಬಂದು, ತನಗೂ ಮಂಡಿನೋವು, ಬಿಸಿನೀರಿನ ಶಾಖಕ್ಕೆ ಏನಾದರೂ ಮಾಡಿಕೊಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದ.

ಎಲ್ಲರೂ ಹೋದ ಮೇಲೆ ದೇವೀರಿ ಆ ಬಿರಿದ ಮಗೆ ಹಿಡಿದು ಕೂತಳು. ಅವಳಿಗೆ ಒಗಟು. ಇಷ್ಟು ಸೊಟ್ಟ ಕೂರುವವರು ಊರಿನಲ್ಲಿ ಇನ್ಯಾರಿದ್ದಾರೆ, ಈ ಆಕಾರ ಯಾರ ಮನೆಯಲ್ಲಿರಲು ಸಾಧ್ಯ? ಪದ್ಧತಿ ಬಿಡುವಂತಿಲ್ಲವಲ್ಲ, ಬುಟ್ಟಿ ಹೊತ್ತು ಹೊರಟೆವು. ಮೇಲಿನ ಕೇರಿ, ಕೆಳಗಿನ ಕೇರಿ, ಛತ್ರದ ಹಿಂದಿನ ಸಾಲು, ಎಲ್ಲ ಕಡೆ ತಲೆ ಆಡಿಸಿ ಇಲ್ಲ ಎಂದರು. ಇಂಥ ಮಗೆಯನ್ನು ಯಾರೂ ಕಂಡೇ ಇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬರಿಗೈಯಲ್ಲಿ ವಾಪಸು ಬಂದು ಬುಟ್ಟಿಯನ್ನು ಜಗುಲಿಯ ಮೇಲಿಟ್ಟೆವು.

ಅಮ್ಮ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದಳು. ಎತ್ತಿಕೊಂಡಳು. ತಗ್ಗಿದ ಕಡೆ ಅಂಗೈ ಇಟ್ಟಳು, ಉಬ್ಬಿದ ಕಡೆ ಹೆಬ್ಬೆರಳು ಇಟ್ಟಳು.

"ಇದುನ್ನ ಯಾರನ್ನ ನೋಡಿ ಮಾಡಿದೆ?" ಎಂದು ಕೇಳಿದಳು.

"ಇವ್ರನ್ನೇ ಅತ್ತೆ. ಕಲ್ಲು ಆರಿಸೋವಾಗ ಕೂರ್ತಾರಲ್ಲ, ಹಂಗೆ."

ಅಮ್ಮ ಎದ್ದು ಸೊಂಟ ಹಿಡಿದುಕೊಂಡು ಒಳಗೆ ಹೋದಳು. ರಾಗಿ ತುಂಬಿಡುವ ವಾಡೆಯ ಮುಚ್ಚಳ ಸರಿಸುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟಿತ್ತು. ಬಿಚ್ಚಿದಳು. ಒಂದು ಕಡೆ ತಗ್ಗಿದ, ಒಂದು ಕಡೆ ಉಬ್ಬಿದ, ಕಂಠ ಚೂರು ವಾಲಿದ ಮಗೆ. ಪಕ್ಕದಲ್ಲಿಟ್ಟರೆ ಬಿರುಕೊಂದನ್ನು ಬಿಟ್ಟು ಎರಡಕ್ಕೂ ಒಂದು ಎಳೆಯ ವ್ಯತ್ಯಾಸವಿರಲಿಲ್ಲ.

"ಇವ್ನ ಅಪ್ಪುಂದು," ಎಂದಳು. "ಆವಯ್ಯನೂ ಹಿಂಗೇ ನೀರು ಚೆಲ್ಲೋನು. ಬೈದೂ ಬೈದೂ ಸಾಕಾಗಿ, ಇನ್ನೂ ತಿಗರಿ ಮುಟ್ಟದ ನಾನೇ ಒಂದಿನ ಅವನ ಕಾಲಿನ ಮಧ್ಯೆನೇ ಮಣ್ಣಿಟ್ಟು ತಟ್ಟಿದೆ. ಇನ್ಯಾರಿಗೂ ಹಂಗೆ ಮಾಡ್ಬೇಕು ಅನ್ಸಲಿಲ್ಲ ಆಮ್ಯಾಕೆ."

ದೇವೀರಿ ಕೇಳಿದಳು. "ಎಲ್ಲಾನೂ ಒಡೀತೀನಿ ಅಂದಿದ್ರಲ್ಲ ಅತ್ತೆ, ಇದ್ನೂವಾ?"

"ಇದು ಲೆಕ್ಕಕ್ಕಿರ್ಲಿಲ್ಲ," ಎಂದಳು ಅಮ್ಮ.

ಅಪ್ಪನದೆಂದು ನಮ್ಮ ಮನೆಯಲ್ಲಿ ಒಂದು ಪಟವೂ ಇಲ್ಲ. ಅವನು ಹೇಗಿದ್ದ ಎಂದು ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ ಅಮ್ಮ, ಇದ್ದ ಹಾಗೆ ಇದ್ದ ಎಂದು ಹೇಳಿ ಎದ್ದುಹೋಗುತ್ತಿದ್ದಳು. ನಾನೂ ಕೇಳುವುದನ್ನು ಬಿಟ್ಟಿದ್ದೆ. ಈಗ ಅವಳು ಆ ಮಗೆಯನ್ನು ನನ್ನ ಕಡೆ ಚಾಚಿದಳು. ನಾನು ಅಂಗಳಕ್ಕಿಳಿದು ಮಣ್ಣಿನ ರಾಶಿಯ ಮುಂದೆ ಕೂತೆ. ಎಡ ಮೊಣಕಾಲು ಎತ್ತಿದೆ, ಬಲಗಾಲು ಚಾಚಿದೆ. ಮಗೆಯನ್ನು ನಡುವೆ ಇಟ್ಟರೆ ಅದು ಎಷ್ಟೋ ವರ್ಷದಿಂದ ಅಲ್ಲೇ ಇದ್ದಂತೆ ಕೂತುಕೊಂಡಿತು. ದೇವೀರಿ ಅದರ ಬಾಯಿಯವರೆಗೂ ನೀರು ಹುಯ್ದಳು. ನಾನು ಬೇಕೆಂದೇ ಅತ್ತಿತ್ತ ಆಡಿದೆ, ಒಂದು ಹನಿಯೂ ಚೆಲ್ಲಲಿಲ್ಲ.

ತಮಾಷೆಗೆ ಏನಾದರೂ ಹೇಳಬೇಕೆಂದು ತಲೆ ಎತ್ತಿದೆ. ಅಮ್ಮ ಜಗುಲಿಯ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ನಾನು ಏಳಲು ಹೋದೆ.

"ಏಳ್ಬ್ಯಾಡ," ಎಂದಳು. "ಇನ್ನೊಂದ್ ಗಳಿಗೆ ಹಂಗೇ ಕೂತಿರು."